ಪತ್ರಿ ಗಿಡದ ಮುಂದೆ ಕೂತಿದ್ದವರು

ಅವರು ತೀರಿಕೊಂಡ ಸುದ್ದಿಯನ್ನು ನಮ್ಮ ಪತ್ರಿಕೆಗೆ ಬರೆದು ಕಳಿಸಿದವನು ನಾನೇ. ಹಿರಿಯ ವರದಿಗಾರ, ಹುನಗುಂದ ತಾಲ್ಲೂಕಿನವರು, ಹೃದಯಾಘಾತ, ಪತ್ನಿ ಹಾಗೂ ಮಗಳು ಇದ್ದಾರೆ, ಅಂತ್ಯಕ್ರಿಯೆ ಸ್ವಗ್ರಾಮದ ಹೊಲದಲ್ಲಿ ನೆರವೇರಿತು. ಅದರಲ್ಲಿ ತಪ್ಪೇನೂ ಇರಲಿಲ್ಲ. ಒಂದು ಸಂಗತಿಯನ್ನು ಮಾತ್ರ ಬಿಟ್ಟಿದ್ದೆ. ಅವರ ಸಮಾಧಿಗೆ ಏರಿಸಿದ ಪತ್ರಿಯಲ್ಲಿ ಒಂದು ಹಿಡಿ ನಮ್ಮ ಮನೆಯ ಕುಂಡದ ಗಿಡದ್ದು. ನಿಧನ ವಾರ್ತೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಇದ್ದಿದ್ದರೂ ನಾನು ಬರೆಯುತ್ತಿರಲಿಲ್ಲ.

ಅವರ ಹೆಸರು ಇಲ್ಲಿ ಬೇಡ. ತಮ್ಮ ಹೆಸರು ಎದುರು ಪತ್ರಿಕೆಯವನ ಕೈಯಲ್ಲಿ ಅಚ್ಚಾಗುವುದು ಅವರಿಗೆ ಹಿಡಿಸುತ್ತಿರಲಿಲ್ಲ. ಪತ್ರಕರ್ತರ ಸಂಘದ ಕಾರ್ಯಕ್ರಮದ ಸುದ್ದಿಯಲ್ಲಿ ನಾನು ಅವರ ಹೆಸರನ್ನು ಎಲ್ಲರಿಗಿಂತ ಕೊನೆಗೆ ಹಾಕಿದರೆ, ಮರುದಿನ ಅವರು ನನ್ನ ಹೆಸರನ್ನು ‘ಮತ್ತಿತರರು’ ಎಂಬುದರಲ್ಲಿ ಸೇರಿಸಿಬಿಡುತ್ತಿದ್ದರು.

ಬಾಗಲಕೋಟೆಯ ನವನಗರದಲ್ಲಿ ನಮ್ಮ ಮನೆ, ರಸ್ತೆಯ ಆಚೆ ಅವರ ಮನೆ. ಅವರದು ಒಂದು ಪತ್ರಿಕೆ, ನನ್ನದು ಇನ್ನೊಂದು. ಬೆಳಿಗ್ಗೆ ಇಬ್ಬರೂ ಬಾಗಿಲು ತೆರೆದು ಮೊದಲು ಎತ್ತಿಕೊಳ್ಳುತ್ತಿದ್ದುದು ಇನ್ನೊಬ್ಬನ ಪತ್ರಿಕೆಯನ್ನು. ಅವರಲ್ಲಿ ಇಲ್ಲದ ಸುದ್ದಿ ನಮ್ಮಲ್ಲಿದ್ದರೆ ನಾನು ಚಹಾ ಕಪ್ಪು ಹಿಡಿದು ಗೇಟಿನ ತನಕ ಬರುತ್ತಿದ್ದೆ. ಅವರು ಮಾತ್ರ ಗೆದ್ದ ದಿನವೂ ಸೋತ ದಿನವೂ ಒಂದೇ ರೀತಿ ಬನಿಯನ್ ಮೇಲೆ ಟವೆಲ್ ಹೊದ್ದು ನಿಂತು, “ಏನ್ಲೇ, ಛಲೋ ಬರದಿಯಲ್ಲ” ಎನ್ನುತ್ತಿದ್ದರು. ಅದು ಹೊಗಳಿಕೆಯೋ ಅಣಕವೋ ನನಗೆ ಕೊನೆಯವರೆಗೂ ತಿಳಿಯಲಿಲ್ಲ. ನನಗಿಂತ ತುಸು ದೊಡ್ಡವರು. ನಾನು ‘ನೀವು’ ಅನ್ನುತ್ತಿದ್ದೆ, ಅವರು ‘ಲೇ’ ಅನ್ನುತ್ತಿದ್ದರು.

ಕೆಲಸದಲ್ಲಿ ಅವರಿಗಿಂತ ನಾನು ಚುರುಕು. ಇದನ್ನು ಅವರ ಸಂಪಾದಕರೂ ಒಪ್ಪುತ್ತಾರೆ. ಪತ್ರಿಕಾಗೋಷ್ಠಿಯಲ್ಲಿ ಮೊದಲ ಪ್ರಶ್ನೆ ನನ್ನದೇ. ಅವರು ಹಿಂದಿನ ಸಾಲಿನಲ್ಲಿ ಕೂತು ಬಿಸ್ಕೀಟು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದರು. ಗೋಷ್ಠಿ ಮುಗಿದು ನಾವೆಲ್ಲ ಸುದ್ದಿ ಕಳಿಸಲು ಓಡಿದ ಮೇಲೂ ಅವರ ಕಪ್ಪಿನಲ್ಲಿ ಚಹಾ ಉಳಿದಿರುತ್ತಿತ್ತು. ಅಧಿಕಾರಿ ಕನ್ನಡಕ ತೆಗೆದು ಮುಖ ಒರೆಸಿಕೊಂಡು, ಎದುರಿಗೆ ಇನ್ನೂ ಕೂತಿದ್ದ ಈ ಮನುಷ್ಯನೊಡನೆ ನಿಜವಾಗಿ ಮಾತಾಡಲು ಶುರು ಮಾಡುತ್ತಿದ್ದುದು ಆಗಲೇ. ಮರುದಿನ ಅವರ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿ ಇರುತ್ತಿತ್ತು. ನನ್ನ ಮುಖಪುಟದ ಸುದ್ದಿಗಿಂತ ಅದನ್ನೇ ಜನ ಕತ್ತರಿಸಿ ಇಟ್ಟುಕೊಳ್ಳುತ್ತಿದ್ದರು.

ಇದನ್ನೆಲ್ಲ ಸಹಿಸಬಹುದಿತ್ತು. ಕಚೇರಿಯ ಹೊಟ್ಟೆಕಿಚ್ಚು ಕಚೇರಿಯಲ್ಲೇ ಇದ್ದರೆ ಅದರಿಂದ ಒಂದು ಉಪಯೋಗವೂ ಇದೆ, ಮನುಷ್ಯ ಬೇಗ ಏಳುತ್ತಾನೆ. ನನ್ನದು ಕಳೆದ ವರ್ಷ ಶಿವರಾತ್ರಿಯಾದ ಮೇಲೆ ರಸ್ತೆ ದಾಟಿ ಮನೆಯೊಳಗೆ ಬಂತು.

ನಮ್ಮ ಅವ್ವನಿಗೆ ಒಂದು ಪತ್ರಿ ಗಿಡವಿದೆ. ಬಿಲ್ವಪತ್ರಿ. ಕಲಾದಗಿ ಕಡೆಯ ನರ್ಸರಿಯಿಂದ ಸಣ್ಣ ಸಸಿ ತಂದು, ತಳಕ್ಕೆ ತೂತು ಹೊಡೆದ ಹಳೆಯ ಎಣ್ಣೆ ಡಬ್ಬಿಯಲ್ಲಿ ಹಚ್ಚಿ, ಪಡಸಾಲೆಯ ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಬೆಳೆಸಿದ್ದಳು. ದಿನಾ ಬೆಳಿಗ್ಗೆ ಜಳಕ ಮಾಡಿ ಅದರಿಂದ ಒಂದು ದಳ ಮುರಿದು ತಂದು, ಕೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂರುತ್ತಾಳೆ. ಪೂಜೆಯಾಗುವ ತನಕ ಅನ್ನವಿಲ್ಲ, ಅನ್ನವಾಗುವ ತನಕ ಸಕ್ಕರೆ ಕಾಯಿಲೆಯ ಗುಳಿಗೆಯಿಲ್ಲ. ಪೇಟೆಯ ಪತ್ರಿ ಅವಳಿಗೆ ಆಗದು. ಯಾರು ಮುರಿದದ್ದೋ, ಯಾವ ಬಸ್ಸಿನ ಕಾಲಡಿ ಬಿದ್ದು ಬಂದದ್ದೋ ಎನ್ನುತ್ತಾಳೆ.

ಎಣ್ಣೆ ಡಬ್ಬಿ ತುಕ್ಕು ಹಿಡಿದು ಬಾಯಿ ಬಿಟ್ಟಿತ್ತು. ಒಂದು ಭಾನುವಾರ ನಾನು ದೊಡ್ಡ ಸಿಮೆಂಟು ಕುಂಡ ತಂದೆ. ಮೊಬೈಲಿನಲ್ಲಿ ನೋಡಿದಂತೆ ಬೇರಿನ ಮಣ್ಣನ್ನೆಲ್ಲ ಉದುರಿಸಿ, ತೊಳೆದು, ಊರಿನ ಹೊಲದಿಂದ ತರಿಸಿದ ಕಪ್ಪು ಎರೆ ಮಣ್ಣು ತುಂಬಿ ನೆಟ್ಟೆ. ನಮ್ಮ ಕಡೆ ಎರೆ ಮಣ್ಣೆಂದರೆ ಬಂಗಾರ. ಜೋಳ, ಕಡಲೆ, ಹತ್ತಿ ಎಲ್ಲಕ್ಕೂ ಆಗುವ ಮಣ್ಣು ಒಂದು ಪತ್ರಿ ಗಿಡಕ್ಕೆ ಆಗದೇ ಇದ್ದೀತೆ? ಕುಂಡದಲ್ಲಿ ಅದು ನೀರು ಕುಡಿದು ಹಿಟ್ಟಿನ ಮುದ್ದೆಯಾಯಿತು, ಬಿಸಿಲಿಗೆ ಇಟ್ಟಿಗೆಯಾಯಿತು. ಎಲೆಗಳು ಹಳದಿಯಾಗಿ ಉದುರತೊಡಗಿದವು. ಈ ಕಾಲದಲ್ಲಿ ಪತ್ರಿ ಎಲೆ ಉದುರುವುದು ಸಹಜ ಎಂದೆ. ಅವ್ವ ಟೊಂಗೆಯ ತುದಿ ತೋರಿಸಿದಳು. ಅದು ಕಪ್ಪಾಗಿತ್ತು. ಪ್ರತಿ ವರ್ಷ ಉದುರುವುದನ್ನು ಅವಳು ನೋಡಿದ್ದಳು, ಕಪ್ಪಾಗುವುದನ್ನು ನೋಡಿರಲಿಲ್ಲ.

ನಾನು ಸುಮ್ಮನೆ ಕೂರುವವನಲ್ಲ. ಎರಡು ಹೊತ್ತು ನೀರು ಹಾಕಿದೆ. ಗೊಬ್ಬರ ತಂದೆ. ಬಿಸಿಲು ಸಾಲದೆಂದು ಮಾಳಿಗೆಗೆ ಹೊತ್ತೊಯ್ದೆ, ಹೆಚ್ಚಾಯಿತೆಂದು ಕೆಳಗಿಳಿಸಿದೆ. ಗಿಡ ಇನ್ನಷ್ಟು ಬೋಳಾಯಿತು. ವರದಿಗೆಂದು ಬಾದಾಮಿಗೆ ಹೋದಾಗ ಮಹಾಕೂಟಕ್ಕೆ ಹೋಗಿ, ಅಲ್ಲಿಯ ಮರದಿಂದ ನನ್ನ ಕೈಯಾರೆ ಮುರಿದು ಬುಟ್ಟಿ ಪತ್ರಿ ತಂದುಕೊಟ್ಟೆ. ಅವ್ವ ಅದನ್ನು ಕಣ್ಣಿಗೊತ್ತಿಕೊಂಡು ದೇವರ ಮಾಡದಲ್ಲಿಟ್ಟಳು. ಮರುದಿನ ಮತ್ತೆ ಹೋಗಿ ಬೋಳು ಗಿಡದಲ್ಲೇ ಹುಡುಕಿ ಒಂದು ಎಲೆ ಮುರಿದಳು. “ಇದು ಹ್ವಾದ್ರ ನನ್ನ ಪೂಜಾನೂ ಹ್ವಾತು ಅಂತ ತಿಳಕೋ” ಎಂದಳು. ಸಿಟ್ಟಿನಿಂದಲ್ಲ. ನಾಳೆ ಕರೆಂಟು ಇರುವುದಿಲ್ಲವಂತೆ ಎನ್ನುವ ಹಾಗೆ. ಆ ವಾರ ಅವಳು ಊಟಕ್ಕೆ ಕೂರುವ ಹೊತ್ತು ದಿನದಿನಕ್ಕೂ ಮುಂದೆ ಹೋಗುತ್ತಿತ್ತು. ಪೂಜೆಗಾಗುವಂಥ ಎಲೆ ಸಿಗುವ ತನಕ ಹುಡುಕುತ್ತಿದ್ದಳು.

ಅವರನ್ನು ಕರೆದವನು ನಾನಲ್ಲ. ನನ್ನ ಹೆಂಡತಿ. ಎದುರು ಮನೆಯ ಕಟ್ಟೆಯ ಮೇಲೆ ಓಣಿಯವರು ಬಿಸಾಕಿದ ಗಿಡಗಳೆಲ್ಲ ಚಿಗಿತು ನಿಂತಿರುವುದು ಅವಳ ಕಣ್ಣಿಗೆ ಬಿದ್ದಿತ್ತು, ನನ್ನ ಕಣ್ಣಿಗೂ ಬಿದ್ದಿತ್ತು.

ಅವರು ಸಂಜೆ ಬಂದರು. ಗಿಡದ ಕಡೆ ನೋಡಲಿಲ್ಲ. ಅವ್ವನ ಎದುರು ನೆಲದ ಮೇಲೆ ಕೂತು, ಮೊಣಕಾಲು ನೋವು, ನೀರಿನ ಸರದಿ, ಅವರ ಮಗಳ ಬಾಣಂತನ ಎಂದು ಊರ ಮಾತೆಲ್ಲ ಆಡಿದರು. ಹೊರಡುವ ಮುಂಚೆ ಎದ್ದು ಹೋಗಿ ಕಾಂಡವನ್ನು ಉಗುರಿನಿಂದ ಒಂಚೂರು ಕೆರೆದರು. ಒಳಗೆ ಹಸಿರಿತ್ತು. ಕುಂಡದ ಅಂಚಿನ ಮಣ್ಣು ಒತ್ತಿ ನೋಡಿ ನನ್ನತ್ತ ತಿರುಗಿದರು.

“ಎರಿ ಹಾಕಿದೇನ್ಲೇ?”

ಹೌದೆಂದೆ. ಒಳ್ಳೆಯ ಮಣ್ಣಲ್ಲವೇ ಎಂದೆ.

“ಹೊಲದಾಗ ಛಲೋ. ಡಬ್ಬಿ ಒಳಗ ಅದು ಉಸರ ಬಿಡಸೂದಿಲ್ಲ.”

ಹಾಗಾದರೆ ತೆಗೆದು ಕೆಂಪು ಮಸಾರಿ ಮಣ್ಣಿಗೆ ಹಾಕುತ್ತೇನೆ ಎಂದು ನಾನು ಕುಂಡಕ್ಕೆ ಕೈ ಹಾಕಿದೆ. ಅವರು ನನ್ನ ಮಣಿಕಟ್ಟು ಹಿಡಿದರು. “ಕೈ ಹಚ್ಚಬ್ಯಾಡ. ಈಗಷ್ಟ ಒಂದ್ಸಲ ಕಿತ್ತಿದಿ. ಮತ್ತ ಕಿತ್ತರ ಸಾಯ್ತದ.” ಈ ‘ಕೈ ಹಚ್ಚಬ್ಯಾಡ’ ಅವರ ಮಾತು. ಯಾರಾದರೂ ಹೊಸಬ ತನ್ನ ಬರಹ ತಿದ್ದಿಸಲು ತಂದರೂ ಅರ್ಧ ಓದಿ ಅದನ್ನೇ ಹೇಳುತ್ತಿದ್ದರು. ತಿದ್ದದೆ ಕಳಿಸುತ್ತಿದ್ದರು. ನಾನದನ್ನು ಸೋಮಾರಿತನ ಎಂದುಕೊಂಡಿದ್ದೆ, ಈಗಲೂ ಅದರಲ್ಲಿ ಒಂದು ಪಾಲು ಸೋಮಾರಿತನವೇ ಎಂದು ನಂಬಿದ್ದೇನೆ.

ತೊಗರಿ ಕಟ್ಟಿಗೆಯಿಂದ ಕುಂಡದ ಅಂಚಿನಗುಂಟ ಆಳಕ್ಕೆ ಚುಚ್ಚಿ, ಆ ತೂತುಗಳಿಗೆ ದಪ್ಪ ಉಸುಕು ಸುರಿದರು. ನೀರು ಹರಿದು ಹೋಗಲೆಂದು ಕುಂಡವನ್ನು ಇಟ್ಟಿಗೆಗಳ ಮೇಲೆ ಎತ್ತಿ ಕೂರಿಸಿದರು. ನಾನದನ್ನು ಬರಿ ನೆಲದ ಮೇಲೆ ಇಟ್ಟು ತಳದ ತೂತನ್ನೇ ಮುಚ್ಚಿಬಿಟ್ಟಿದ್ದೆ. ಗೊಬ್ಬರ ಬೇಡ, ಬೆರಳು ಚುಚ್ಚಿ ಒಣಗಿದ್ದರೆ ಮಾತ್ರ ನೀರು, ಮಧ್ಯಾಹ್ನದ ಬಿಸಿಲಿಗೆ ಮರೆ. ಇಷ್ಟನ್ನು ನನಗೆ ಹೇಳಿದರು. ಉಳಿದದ್ದು ಅವ್ವನಿಗೆ ಹೇಳುವುದಿತ್ತು. ಎಲೆ ಮುರಿಯುವವರು ಯಾರು ಎಂದು ಕೇಳಿದರು. ‘ನಾನೇ, ದಿನಕ್ಕೆ ಒಂದೇ’ ಎಂದಳು ಅವ್ವ. ಉಳಿದಿದ್ದ ಎಲೆಗಳಿಗೆ ಆ ಒಂದೇ ಹೆಚ್ಚೆಂದು ನನಗೂ ಗೊತ್ತಿತ್ತು. ಹೇಳಿಯೂ ಇದ್ದೆ. ಎರಡು ದಿನ ನನ್ನೊಡನೆ ಮಾತು ಬಿಟ್ಟಿದ್ದಳು.

ಅವರು ಅವ್ವನ ಎದುರು ಮತ್ತೆ ನೆಲಕ್ಕೆ ಕೂತರು. ಆಮೇಲೆ, “ಯವ್ವಾ, ಈ ಗಿಡ ಈಗ ಬಾಣಂತಿ ಇದ್ದಂಗ ಐತ್ರಿ. ಬಾಣಂತಿ ಕಡಿಂದ ಯಾರರೆ ಕೆಲಸಾ ಮಾಡಸ್ತಾರೇನ್ರಿ?” ಎಂದರು.

ಅವ್ವ ಗಿಡವನ್ನೇ ನೋಡಿದಳು. “ಹಂಗಾರ ನನ್ನ ಪೂಜಾ?”

“ಪತ್ರಿಗೆ ಮೈಲಿಗಿ ಇಲ್ಲಲ್ರಿ. ಏರಿಸಿದ್ದನ್ನ ತೊಳದು ಮತ್ತ ಏರಸ್ರಿ. ನಿಮಗ ಗೊತ್ತಿಲ್ಲದ್ದ ಏನೈತಿ.”

ಅವಳಿಗೆ ಗೊತ್ತಿತ್ತು. ಪೂಜೆಯಾದ ಎಲೆಗಳನ್ನು ಅವಳು ಎಸೆಯುವುದಿಲ್ಲ. ಬುಟ್ಟಿಯಲ್ಲಿ ಕೂಡಿಟ್ಟು ಕೊನೆಗೆ ಅದೇ ಗಿಡದ ಬುಡಕ್ಕೆ ಹಾಕುತ್ತಾಳೆ. ಅವತ್ತು ಬುಟ್ಟಿಯಿಂದ ಗಟ್ಟಿಯಾದವನ್ನು ಆರಿಸಿ ಹಿತ್ತಾಳೆ ಡಬ್ಬಿಯಲ್ಲಿಟ್ಟಳು. ಮರುದಿನ ಒಂದನ್ನು ತೊಳೆದು ಏರಿಸಿದಳು, ಹೊತ್ತಿಗೆ ಸರಿಯಾಗಿ ಊಟ ಮಾಡಿದಳು, ಗುಳಿಗೆ ನುಂಗಿದಳು. ನಾನು ಒಬ್ಬರ ಮಾತನ್ನು ಮಾತ್ರ ನಂಬಿ ಸುದ್ದಿ ಬರೆಯುವವನಲ್ಲ. ಪರಿಚಯದ ಮಠದ ಸ್ವಾಮಿಗಳಿಗೆ ಫೋನು ಮಾಡಿ ಕೇಳಿದೆ. ಹೌದು, ಪತ್ರಿಯನ್ನು ತೊಳೆದು ಮತ್ತೆ ಏರಿಸಬಹುದು ಎಂದರು. ಅಲ್ಲ ಎಂದಿದ್ದರೆ ನನಗೆ ಹೆಚ್ಚು ಸಮಾಧಾನವಾಗುತ್ತಿತ್ತು.

ಬಾಣಂತಿ ಎಂದಮೇಲೆ ಅವ್ವನಿಗೆ ಬೇರೆ ಹೇಳಿಕೊಡಬೇಕಾಗಿರಲಿಲ್ಲ. ಗಾಳಿ ಬಡಿಯದಂತೆ ಗೋಡೆಯ ಮಗ್ಗುಲಿಗೆ ಸರಿಸಿದಳು. ಬಂದವರು ಅಯ್ಯೋ ಎನ್ನದಂತೆ ನೋಡಿಕೊಂಡಳು. ಬಿಸಿಲಿಗೆ ಮರೆಯಾಗಿ ಒಂದು ಹಳೆಯ ಇಳಕಲ್ ಸೀರೆ ಕಟ್ಟಿದಳು. ಸಂಜೆ ಬಂದು ಗುರುತಿಸಿದೆ. ನನ್ನ ಮೊದಲ ಸಂಬಳದಲ್ಲಿ ಇಳಕಲ್ಲಿಗೇ ಹೋಗಿ, ಮಗ್ಗದ ಮನೆಯಲ್ಲಿ ಕೂತು ಆರಿಸಿ ತಂದ ಸೀರೆ ಅದು. ಕೇಳಿದೆ. ಉಟ್ಟು ಉಟ್ಟು ತೆಳ್ಳಗಾಗಿದೆ, ಬೆಳಕು ಬಿಡುತ್ತದೆ, ಬಿಸಿಲು ಬಿಡುವುದಿಲ್ಲ, ಅಂಥದೇ ಬೇಕೆಂದು ಅಂವ ಹೇಳಿದ್ದಾನೆ ಎಂದಳು. ಇಷ್ಟೆಲ್ಲ ಉಟ್ಟಿದ್ದಾಳೆಂದು ಸಂತೋಷಪಡಬೇಕಿತ್ತು. ನನಗೆ ಕಿವಿಯಲ್ಲಿ ಉಳಿದದ್ದು ‘ಅಂವ ಹೇಳಿದ್ದಾನೆ’.

ಅವರು ಆಮೇಲೆ ಸಂಜೆ ಸುದ್ದಿ ಕಳಿಸಿ ಆಗಾಗ ಬರತೊಡಗಿದರು. ನಾನು ಇನ್ನೂ ಕಚೇರಿಯಲ್ಲಿರುವ ಹೊತ್ತು. ಗಿಡದ ಮುಂದಿನ ನೆಲದಲ್ಲಿ ಗೋಡೆಗೆ ಬೆನ್ನು ಹಚ್ಚಿ, ಒಂದು ಕಾಲು ಚಾಚಿ ಕೂರುತ್ತಿದ್ದರಂತೆ. ಅಲ್ಲಿಯ ಗೋಡೆಯಲ್ಲಿ ಅವರ ತಲೆಯ ಎಣ್ಣೆಯ ಗುರುತು ಮೂಡಿತು. ಅವ್ವ ಅವರನ್ನು ‘ತಮ್ಮಾ’ ಎಂದು ಕರೆಯುತ್ತಿದ್ದಳು, ನಮ್ಮ ಕಡೆ ಮಕ್ಕಳನ್ನು ಕರೆಯುವ ಹಾಗೆ. ನನ್ನನ್ನು ಹೆಸರು ಹಿಡಿದು ಕರೆಯುತ್ತಾಳೆ, ಮೊದಲಿನಿಂದಲೂ ಹಾಗೇ. ಅದು ನನಗೆ ಕೊರತೆ ಎಂದು ಆವರೆಗೆ ಅನ್ನಿಸಿರಲಿಲ್ಲ.

ಒಂದು ಭಾನುವಾರ ಅವರ ಪತ್ರಿಕೆಯ ಪುರವಣಿ ತೆರೆದರೆ ಅವ್ವನ ಫೋಟೋ ಇತ್ತು. ಕುಳಗೇರಿ ಕ್ರಾಸಿನಲ್ಲಿ ನಮ್ಮ ಅಜ್ಜಿ ಬೇಸಿಗೆಯಲ್ಲಿ ಬಸ್ಸಿಗೆ ಕಾಯುವವರಿಗೆಂದು ನೀರಿನ ಅರವಟಿಗೆ ಇಡುತ್ತಿದ್ದಳಂತೆ. ಹುಡುಗಿಯಾಗಿದ್ದ ಅವ್ವ ತಂಬಿಗೆ ಹಿಡಿದು ನೀರು ಕೊಡುತ್ತಿದ್ದಳಂತೆ. ತವರಿನಿಂದ ಗಂಡನ ಮನೆಗೆ ಹೋಗುವ ಸೊಸೆಯಂದಿರು ನೀರು ಕುಡಿಯುವ ನೆಪದಲ್ಲಿ ಮುಖ ತೊಳೆದುಕೊಂಡು, ಅತ್ತದ್ದು ಕಾಣದಂತೆ ಮಾಡಿಕೊಂಡು ಬಸ್ಸು ಹತ್ತುತ್ತಿದ್ದರಂತೆ. ಅಂಥವರಿಗೆ ಎರಡು ತಂಬಿಗೆ ಕೊಡಬೇಕೆಂದು ಅಜ್ಜಿ ಕಟ್ಟುನಿಟ್ಟು ಮಾಡಿದ್ದಳಂತೆ. ಒಂದು ಕುಡಿಯಲಿಕ್ಕೆ, ಒಂದು ಮುಖಕ್ಕೆ. ಚಿಕ್ಕ ಬರಹ. ಅಲಂಕಾರವಿಲ್ಲ. ನಾನು ಬರೆದಿದ್ದರೆ ಕೊನೆಯ ಸಾಲನ್ನು ಇನ್ನಷ್ಟು ಚೆನ್ನಾಗಿ ಕಟ್ಟುತ್ತಿದ್ದೆ. ಆದರೆ ನನಗೆ ಆ ಸುದ್ದಿಯೇ ಗೊತ್ತಿರಲಿಲ್ಲ. ನಮ್ಮ ಸಂಪಾದಕರ ಫೋನು ಬಂತು. ಫೋಟೋದಲ್ಲಿರುವ ಈ ಅಜ್ಜಿ ನಿಮ್ಮ ತಾಯಿಯವರಲ್ಲವೇ ಎಂದು ಮಾತ್ರ ಕೇಳಿದರು. ಬೇರೇನೂ ಹೇಳಬೇಕಾಗಿರಲಿಲ್ಲ.

ಮನೆಗೆ ಬಂದು ಅವ್ವನನ್ನು ಕೇಳಿದೆ, ನನಗೇಕೆ ಒಮ್ಮೆಯೂ ಹೇಳಲಿಲ್ಲ ಎಂದು.

“ನೀ ಕೇಳತಿ. ನಾ ಹೇಳೂದ್ರಾಗ ಫೋನ್ ನೋಡತಿ.”

“ಅಂವ ಏನ್ ಕೇಳಿದಾ?”

“ಅಂವ ಏನೂ ಕೇಳ್ಲಿಲ್ಲ. ಕುಂತಿದ್ದ. ನಾ ಹೇಳಿದೆ.”

ಹೆಂಡತಿ ಒಳಗಿನಿಂದ, ಹೆಂಗಸರ ಸಲುವಾಗಿ ಹೊಟ್ಟೆಕಿಚ್ಚು ಪಡುವ ಗಂಡಸರನ್ನು ನೋಡಿದ್ದೇನೆ, ಗಿಡದ ಮುಂದೆ ಕೂತವನ ಮೇಲೆ ಪಡುವವರು ನೀವೊಬ್ಬರೇ ಎಂದಳು. ನಾನು ಗೇಟು ದಾಟಿ ಅವರ ಮನೆಗೆ ಹೋದೆ. ಹೇಳದೆ ಕೇಳದೆ ನಮ್ಮ ಮನೆಯ ಸುದ್ದಿ ಬರೆದಿರಿ ಎಂದೆ. ಅವರು ಟವೆಲ್ ಸರಿಪಡಿಸಿಕೊಂಡು, “ನಿಮ್ಮವ್ವನ್ನ ಕೇಳೀನೋ ಮಾರಾಯಾ. ನಿನ್ನ ಯಾಕ ಕೇಳ್ಲಿ? ನಿನಗ ಗೊತ್ತಿದ್ದಿಲ್ಲಲಾ” ಎಂದರು. ಬಾಯ್ತುಂಬ ನಕ್ಕರು. ಆ ನಗುವಿನಲ್ಲಿ ಗೆದ್ದ ಖುಷಿ ಇತ್ತು. ಅವರು ದೇವರಂಥ ಮನುಷ್ಯರೇನಲ್ಲ ಎಂದು ದಾಖಲಾಗಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಮುಂಗಾರಿನ ಮಿರಗದ ಮಳೆಗೆ ಗಿಡ ಚಿಗುರಿತು. ಕಪ್ಪಾದ ತುದಿಗಳ ಕೆಳಗೆ, ಮುಳ್ಳಿನ ಬುಡದಲ್ಲಿ, ತಾಮ್ರದ ಬಣ್ಣದ ಮೊಳಕೆಗಳು. ನಾನು ಮೊದಲು ನೋಡಿದೆ. ಅದನ್ನು ಅವ್ವನಿಗೆ ಹೇಳುವಷ್ಟರಲ್ಲಿ ಅವಳು ರಸ್ತೆಯ ಆಚೆ ನೋಡಿ “ತಮ್ಮಾ” ಎಂದು ಕೂಗಿಯಾಗಿತ್ತು. ಅವರು ಬಂದು ನೋಡಿ, ಶ್ರಾವಣದ ಮೊದಲ ಸೋಮವಾರ ಮುರಿಯಿರಿ, ಅಲ್ಲಿಯ ತನಕ ಮುಟ್ಟಬೇಡಿ, ಎಲೆ ಗಟ್ಟಿಯಾಗಲಿ ಎಂದರು. ಅವ್ವ ಕಾದಳು. ಹಿತ್ತಾಳೆ ಡಬ್ಬಿಯ ಎಲೆಗಳು ತೊಳೆದು ತೊಳೆದು ಕಂದು ಬಣ್ಣಕ್ಕೆ ತಿರುಗಿದ್ದವು. ಹಬ್ಬಕ್ಕೆ ಕಾಯುವಂತೆ ಆ ಸೋಮವಾರಕ್ಕೆ ಕಾಯುತ್ತಿದ್ದಳು. ಗಿಡ ತುಂಬಿಕೊಂಡಿತು. ಎಲೆಗಳು ಹಸಿರಿಗೆ ತಿರುಗಿದವು. ಸೀರೆಯ ಮರೆ ತೆಗೆದು, ಒಗೆದು, ಮಡಚಿಟ್ಟಳು.

ಶ್ರಾವಣಕ್ಕೆ ಇನ್ನೂ ಕೆಲವು ದಿನ ಇರುವಾಗ, ಊರಿಗೆಂದು ಹೋಗಿದ್ದ ಅವರು ಹುನಗುಂದದ ಬಸ್ ನಿಲ್ದಾಣದಲ್ಲಿ ಬೆಂಚಿನ ಮೇಲೆ ಕೂತಲ್ಲೇ ಹೋದರು. ಬಸ್ಸಿಗೆ ಕಾಯುತ್ತಿದ್ದಾರೆಂದು ಜನ ಬಹಳ ಹೊತ್ತು ಗಮನಿಸಿರಲಿಲ್ಲ.

ಸುದ್ದಿ ಮೊದಲು ಬಂದದ್ದು ನನಗೆ. ಅವ್ವನಿಗೆ ನಾನೇ ಹೇಳಿದೆ. ಅವಳು ಅಳಲಿಲ್ಲ. ಬುಟ್ಟಿ ತೆಗೆದುಕೊಂಡು ಗಿಡದ ಹತ್ತಿರ ಹೋಗಿ ಎಲೆ ಮುರಿಯತೊಡಗಿದಳು. ಒಂದಲ್ಲ. ಟೊಂಗೆ ಬಗ್ಗಿಸಿ ಬಗ್ಗಿಸಿ, ಗಟ್ಟಿ ಎಲೆ, ಎಳೆಯ ಎಲೆ, ಎಲ್ಲವನ್ನೂ. ಬೆರಳಿಗೆ ಮುಳ್ಳು ಚುಚ್ಚಿ ರಕ್ತ ಬಂತು.

“ಯವ್ವಾ, ಸಾಕು. ಗಿಡ ಇನ್ನೂ ಹಸಿ ಬಾಣಂತಿ. ನಿನ್ನ ಸ್ವಾಮಾರಕ್ಕರೆ ಒಂದ್ ಬಿಡು” ಎಂದೆ.

“ಇವು ಅಂವನ್ವು” ಎಂದಳು. ಅಷ್ಟೇ.

ಒದ್ದೆ ಬಟ್ಟೆಯಲ್ಲಿ ಎಲೆ ಸುತ್ತಿ ಮಡಿಲಲ್ಲಿಟ್ಟುಕೊಂಡು ಹುನಗುಂದದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಳು. ದಾರಿಯುದ್ದಕ್ಕೂ ಬಟ್ಟೆ ಒಣಗಿದಾಗೆಲ್ಲ ಬಾಟಲಿಯಿಂದ ನೀರು ಚಿಮುಕಿಸುತ್ತಿದ್ದಳು. ಹೊಲದಲ್ಲಿ ಕುಣಿ ತೋಡಿದ್ದರು. ಅವರನ್ನು ಒಳಗೆ ಕೂರಿಸಿದ್ದರು. ಬದುಕಿದ್ದಾಗ ಕೂರುತ್ತಿದ್ದಂತೆಯೇ ಬೆನ್ನು ಹಚ್ಚಿ. ಅಯ್ಯನವರು ವಿಭೂತಿ ಇಟ್ಟ ಮೇಲೆ ಅವ್ವ ಮುಂದೆ ಹೋಗಿ, ಗಂಟು ಬಿಚ್ಚಿ, ಎಲೆಗಳನ್ನು ಏರಿಸಲು ಅಯ್ಯನವರ ಕೈಗೆ ಕೊಟ್ಟಳು. ನಾನು ವರದಿಗಾರನ ಜಾಗದಲ್ಲಿ, ಸ್ವಲ್ಪ ದೂರ, ಎಲ್ಲ ಕಾಣುವಲ್ಲಿ ನಿಂತಿದ್ದೆ. ಆಗ ನನ್ನ ತಲೆಗೆ ಬಂದ ಯೋಚನೆಯನ್ನು ಇದ್ದ ಹಾಗೆ ಬರೆಯುತ್ತೇನೆ. ನನಗಾಗಿದ್ದರೆ ಇವಳು ಎಳೆಯ ಎಲೆಗಳನ್ನೂ ಬಿಡದೆ ಮುರಿಯುತ್ತಿದ್ದಳೇ? ತೀರಿಕೊಂಡವನ ಎದುರು, ಹೆತ್ತವಳ ಬಗ್ಗೆ ಬರಬಾರದ ಯೋಚನೆ. ಬಂತು.

ಶ್ರಾವಣದ ಮೊದಲ ಸೋಮವಾರ ಗಿಡ ಮತ್ತೆ ಬರಿ ಮುಳ್ಳಾಗಿತ್ತು. ಅವ್ವ ಹಿತ್ತಾಳೆ ಡಬ್ಬಿ ತೆರೆದು, ಉಳಿದಿದ್ದ ಒಂದು ಕಂದು ಎಲೆಯನ್ನು ಅಂಗೈಯಲ್ಲಿಟ್ಟು ತೊಳೆದು ಪೂಜೆ ಮುಗಿಸಿದಳು. ಸಂಜೆ ನಾನು ಕಚೇರಿಯಿಂದ ಬೇಗ ಬಂದೆ. ಇಳಕಲ್ ಸೀರೆಯನ್ನು ಮತ್ತೆ ಕಟ್ಟಿಯಾಗಿತ್ತು. ಕುಂಡದ ಮಣ್ಣು ಮೇಲೆ ಬಿರಿದಂತೆ ಕಂಡಿತು. ಒಳಗೆ ಹೋಗಿ ನೀರಿನ ತಂಬಿಗೆ ತಂದೆ.

“ಕೈ ಹಚ್ಚಬ್ಯಾಡ” ಎಂದಳು ಅವ್ವ, ತಾನು ಕೂತಲ್ಲಿಂದಲೇ.

ತಂಬಿಗೆ ಕೆಳಗಿಟ್ಟೆ. ಏನು ಮಾಡಬೇಕೋ ತಿಳಿಯದೆ ಗೋಡೆಗೆ ಬೆನ್ನು ಹಚ್ಚಿ ಕೂತೆ. ತಲೆಗೆ ತಾಗಿದ್ದು ಆ ಎಣ್ಣೆಯ ಗುರುತಿನ ಜಾಗ. ಫೋನು ಜೇಬಿನಲ್ಲಿ ಎರಡು ಸಲ ನಡುಗಿತು, ತೆಗೆಯಲಿಲ್ಲ. ಬಹಳ ಹೊತ್ತು ಇಬ್ಬರೂ ಬೋಳು ಗಿಡವನ್ನು ನೋಡುತ್ತ ಕೂತಿದ್ದೆವು.

“ತಮ್ಮಾ” ಎಂದಳು ಅವ್ವ, ಗಿಡದ ಮೇಲಿನ ಕಣ್ಣು ತೆಗೆಯದೆ. “ಕುಳಗೇರಿ ಕ್ರಾಸಿನ್ಯಾಗ ಒಂದ್ಸಲ ಏನಾಗಿತ್ತು ಅಂದ್ರ…”

ಕರೆದದ್ದು ನನ್ನನ್ನೋ ಅವರನ್ನೋ ಗೊತ್ತಾಗಲಿಲ್ಲ. ಅನುಮಾನವಿದ್ದಲ್ಲಿ ಮತ್ತೊಮ್ಮೆ ಕೇಳಿ ಖಚಿತಪಡಿಸಿಕೊಳ್ಳುವುದು ನನ್ನ ಇಷ್ಟು ವರ್ಷಗಳ ರೂಢಿ. ಕೇಳಲಿಲ್ಲ.